ಐದನೆಯ ಸ್ವರ

“ಮೂರು ಸಲ ಕರೆದರೂ ಓಗೊಡದವರನ್ನು ಇನ್ನು ನಮ್ಮವರಲ್ಲ ಎಂದು ತಿಳಿಯಬಹುದೇ, ಬುದ್ಧಿ?”

ಹೀಗೆ ಕೇಳಿದವನು ಮಠದ ಪುಸ್ತಕದ ಕೋಣೆ ನೋಡಿಕೊಳ್ಳುವ ಶಿಷ್ಯ. ಗುರುಗಳು ಜಗಲಿಯ ಮೇಲೆ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆಯೇ, “ಯಾರನ್ನು ಕರೆದೆ?” ಎಂದರು.

“ನನ್ನ ಅಕ್ಕನನ್ನು. ಅವಳು ನಮ್ಮವರಲ್ಲದವನನ್ನು ಮದುವೆಯಾಗಿ ಹೋಗಿ ಹನ್ನೊಂದು ವರ್ಷವಾಯಿತು. ಅಪ್ಪ ಈಗ ಚಿಕ್ಕಪ್ಪನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ನಾಲಿಗೆ ಸರಿಯಾಗಿ ಹೊರಳುವುದಿಲ್ಲ. ‘ಮಗಳನ್ನ ಬರಹೇಳು’ ಅನ್ನುವುದೊಂದೇ ಮಾತು. ಅವರ ಮಾತನ್ನೇ ಬರೆದು ಮೂರು ಕಾರ್ಡು ಹಾಕಿದೆ. ಎರಡನೆಯ ಕಾರ್ಡು ಸೇರಿದ ಮೇಲೆ ನಮ್ಮೂರ ಬಸ್ ನಿಲ್ದಾಣದವರೆಗೆ ಬಂದಿದ್ದಳಂತೆ. ಕಂಡವರು ಹೇಳಿದರು. ಮನೆ ಅಲ್ಲಿಗೆ ಕೂಗಳತೆ. ಅಲ್ಲಿಂದಲೇ ತಿರುಗಿ ಹೋದಳಂತೆ. ಮೂರನೆಯ ಕಾರ್ಡಿಗೆ ಅದೂ ಇಲ್ಲ.”

“ಈಗ ಏನು ಮಾಡಬೇಕು ಅಂತಿದ್ದೀಯ?”

“ನಾಡಿದ್ದು ಊರಿಗೆ ಹೋಗುತ್ತೇನೆ. ‘ಅವಳಿಗೆ ನಾವು ಬೇಡ, ಇನ್ನು ಕಾಯಬೇಡಿ’ ಅಂತ ಅಪ್ಪನಿಗೆ ಹೇಳಿಬಿಡೋಣ ಅಂತ. ಬಾಗಿಲನ್ನೇ ನೋಡುತ್ತ ಮಲಗಿರುತ್ತಾರೆ, ಬುದ್ಧಿ. ನೋಡಲಾಗುವುದಿಲ್ಲ.”

ಮಠದವರು ಬರೆದ ಕಾಗದಗಳೆಲ್ಲ ಗುರುಗಳ ಬಾಗಿಲ ಪಕ್ಕದ ಬಟ್ಟೆಚೀಲಕ್ಕೆ ಬಿದ್ದು, ಅವರ ಕೈಯಿಂದಲೇ ಅಂಚೆಯವನಿಗೆ ಹೋಗುತ್ತವೆ. ಶಿಷ್ಯನ ಮೂರು ಕಾರ್ಡುಗಳೂ ಹಾಗೆಯೇ ಹೋಗಿದ್ದವು. ಗುರುಗಳು ಆ ಮಾತು ಎತ್ತಲಿಲ್ಲ.

“ಕೂತುಕೋ, ಮರಿ. ಸುಮ್ಮನೆ ಕೂರಬೇಡ, ನೀನೂ ಒಂದಿಷ್ಟು ಬೀಜ ಬಿಡಿಸು. ಕರೆದು ನೋಡಿ ತೀರ್ಮಾನ ಮಾಡಿದ ಒಬ್ಬನ ಕತೆ ಇದೆ. ಹೇಳುತ್ತೇನೆ” ಎಂದು ಗುರುಗಳು ಶುರುಮಾಡಿದರು.

ತೆಂಕಣ ಕಡಲಿನಲ್ಲಿ ಎರಡು ದ್ವೀಪಗಳಿದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ನಡುವೆ ದೋಣಿಯಲ್ಲಿ ಒಂದು ಹಗಲಿನ ದಾರಿ. ದೊಡ್ಡ ದ್ವೀಪದ ಕಾಡಿನಲ್ಲಿ ಕಂದು ಬೆನ್ನಿನ, ಹಳದಿ ಎದೆಯ ಒಂದು ಸಣ್ಣ ಹಕ್ಕಿ ಇತ್ತು. ಚಿಕ್ಕ ದ್ವೀಪದಲ್ಲೂ ಹಿಂದೆ ಅಂಥದೇ ಹಕ್ಕಿ ಇತ್ತು. ಒಂದು ವರ್ಷ ಮನೆಯ ಸೂರು ಹೊದಿಸಲೆಂದು ದೋಣಿಯಲ್ಲಿ ತಂದ ಹುಲ್ಲಿನ ಜೊತೆ ಇಲಿಗಳು ಬಂದವು. ಗೂಡು ಹುಡುಕಿ ಮೊಟ್ಟೆ ತಿಂದವು. ಐದಾರು ವರ್ಷದಲ್ಲಿ ಅಲ್ಲಿಯ ಹಕ್ಕಿ ಇಲ್ಲವಾಯಿತು. ಆಮೇಲೆ ಊರವರು ಪಾಷಾಣ ಇಟ್ಟು ಇಲಿಗಳನ್ನೆಲ್ಲ ಮುಗಿಸಿದರು. ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು.

ಒಬ್ಬ ಹಕ್ಕಿ ಪಂಡಿತನಿದ್ದ. ಈಗಿನವರು ವಿಜ್ಞಾನಿ ಎನ್ನುತ್ತಾರೆ. ಚಿಕ್ಕ ದ್ವೀಪದಲ್ಲಿ ಇಲ್ಲವಾದ ಹಕ್ಕಿಯೂ ದೊಡ್ಡ ದ್ವೀಪದಲ್ಲಿ ಇರುವ ಹಕ್ಕಿಯೂ ಒಂದೇ ಜಾತಿಯೋ ಬೇರೆಯೋ ಎಂದು ಹೇಳುವ ಕೆಲಸ ಅವನಿಗೆ ಬಂತು. ಅದೇನು ಮಹಾ ಎನ್ನಬೇಡ. ಒಂದೇ ಜಾತಿ ಎಂದಾದರೆ ದೊಡ್ಡ ದ್ವೀಪದಿಂದ ಹನ್ನೆರಡು ಜೋಡಿ ತಂದು ಚಿಕ್ಕದರಲ್ಲಿ ಬಿಡಲು ಸರ್ಕಾರ ಒಪ್ಪುತ್ತಿತ್ತು. ಬೇರೆ ಜಾತಿ ಎಂದಾದರೆ ಒಪ್ಪುತ್ತಿರಲಿಲ್ಲ. ಒಂದರ ನೆಲದಲ್ಲಿ ಇನ್ನೊಂದನ್ನು ತಂದು ಬಿಡಬಾರದು ಎಂಬುದು ಅಲ್ಲಿಯ ನಿಯಮ. ನಿಯಮವೇನೋ ಒಳ್ಳೆಯದೇ.

ಪಂಡಿತ ಮೊದಲು ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಹೋದ. ಅಲ್ಲಿ ಸತ್ತ ಹಕ್ಕಿಯ ಚರ್ಮಕ್ಕೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ, ಮರದ ಖಾನೆಗಳಲ್ಲಿ ಮಲಗಿಸಿರುತ್ತಾರೆ. ಚಿಕ್ಕ ದ್ವೀಪದವು ಎರಡೇ ಎರಡು ಇದ್ದವು; ಅವೂ ಎಂಬತ್ತು ವರ್ಷ ಹಳೆಯವು. ಅವನು ಕೊಕ್ಕು ಅಳೆದ. ರೆಕ್ಕೆ ಅಳೆದ. ಬಾಲ, ಕಾಲು ಅಳೆದ. ದೊಡ್ಡ ದ್ವೀಪದ್ದಕ್ಕಿಂತ ಕೊಕ್ಕು ಒಂದು ರಾಗಿಕಾಳಿನಷ್ಟು ಉದ್ದವಿತ್ತು, ಉಳಿದದ್ದೆಲ್ಲ ಸರಿಸಮ. ಬಣ್ಣ ಹೋಲಿಸೋಣವೆಂದರೆ ಅದು ಖಾನೆಯಲ್ಲೇ ಮಾಸಿಹೋಗಿತ್ತು. ಅಂಗಾಲಿನ ಒಂದು ಚೂರು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದ. ಹುಳ ಹಿಡಿಯದಿರಲೆಂದು ಹಿಂದೆ ಯಾರೋ ಬಳಿದ ಔಷಧದಿಂದ ಅದೂ ಕೆಟ್ಟಿತ್ತು. ಇನ್ನು ಉಳಿದದ್ದು ದನಿ ಒಂದೇ.

ಹಕ್ಕಿಗೆ ತನ್ನ ಜಾತಿಯ ದನಿ ಗೊತ್ತು. ಒಂದು ಪೆಟ್ಟಿಗೆಯಲ್ಲಿ ಅದರ ಜಾತಿಯ ಹಾಡನ್ನೇ ಹಿಡಿದು ಅದರ ಮರದ ಕೆಳಗಿಟ್ಟು ನುಡಿಸಿದರೆ, ಪರಗಂಡು ತನ್ನ ಜಾಗಕ್ಕೆ ಬಂದನೆಂದು ಗಂಡುಹಕ್ಕಿ ಜಗಳಕ್ಕೆ ಇಳಿಯುತ್ತದೆ. ಬೇರೆ ಜಾತಿಯ ಹಾಡು ನುಡಿಸಿದರೆ ತಿರುಗಿಯೂ ನೋಡುವುದಿಲ್ಲ. ಪಂಡಿತರು ಹೀಗೆ ಕರೆದು ನೋಡಿ ನಿರ್ಧರಿಸುತ್ತಾರೆ. ಆದರೆ ಸತ್ತುಹೋದ ಹಕ್ಕಿಯ ಹಾಡನ್ನು ಎಲ್ಲಿಂದ ತರುವುದು? ವಿಚಾರಿಸಿದಾಗ ಯಾರೋ ಹೇಳಿದರು, ಚಿಕ್ಕ ದ್ವೀಪದಲ್ಲಿ ಒಬ್ಬ ಮರ ಹತ್ತುವವನಿದ್ದಾನೆ, ಅವನು ಈಗಲೂ ಆ ಹಕ್ಕಿಯ ಹಾಗೆ ಸಿಳ್ಳೆ ಹಾಕುತ್ತಾನೆ ಎಂದು.

ತೆಂಗಿನ ಹೊಂಬಾಳೆ ಕೊಯ್ದು ರಸ ಇಳಿಸುವುದು ಆ ಮರ ಹತ್ತುವವನ ಕಸುಬು. ಮುಖ ಸಿಂಡರಿಸಬೇಡ, ಅವನು ಇಳಿಸುತ್ತಿದ್ದದ್ದು ಬೆಲ್ಲ ಕಾಯಿಸುವ ಸಿಹಿರಸ. ದಿನಾ ಬೆಳಗ್ಗೆ ಮರದ ತುದಿ ಮುಟ್ಟಿದ ಕೂಡಲೇ ಸಿಳ್ಳೆ ಹಾಕುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಹಕ್ಕಿ ಇದ್ದ ಕಾಲದಲ್ಲಿ ಅದು ಪಕ್ಕದ ಗರಿಗೆ ಬಂದು ಓಗೊಡುತ್ತಿತ್ತು. ಈಗ ಇಪ್ಪತ್ತೈದು ವರ್ಷದಿಂದ ಓಗೊಡುವವರಿರಲಿಲ್ಲ. ಆದರೂ ಅವನು ಬಿಟ್ಟಿರಲಿಲ್ಲ.

ಪಂಡಿತ ಬಂದ ಕಾರಣ ಕೇಳಿ ಅವನ ಕಣ್ಣು ತುಂಬಿತು.

“ಆ ಹುಲ್ಲು ತಂದೋನು ನಾನೇ, ಸ್ವಾಮಿ. ಮದುವೆಯಾದ ವರ್ಷ ಹೊಸ ಮನೆ ಕಟ್ಟಿದೆ. ಇಲಿ ಆ ಹುಲ್ಲಿನ ಒಳಗೇ ಬಂದವು. ಮೊದಲೆರಡು ನಾನೇ ನೋಡಿ, ಹೋಗಲಿ ಅಂತ ಸುಮ್ಮನಾದೆ. ನಾನು ಮರ ಹತ್ತೋದು ನಿಲ್ಲಿಸೋದರೊಳಗೆ ಹಕ್ಕಿ ತಿರುಗಿ ಬಂದರೆ ಸಾಕು. ನನ್ನ ಸಿಳ್ಳೆಗೆ ಅಲ್ಲಿಯವು ಓಗೊಟ್ಟರೆ ಹನ್ನೆರಡು ಜೋಡಿ ತರ್ತೀರಿ ಅಲ್ವಾ?”

“ತರ್ತೀವಿ. ಓಗೊಡದೆ ಇದ್ದರೆ ನಿಮ್ಮದು ಬೇರೆಯೇ ಹಕ್ಕಿ. ಲೋಕಕ್ಕೆ ಹೊಸದು.”

“ಹೊಸದು ಅಂದರೆ, ಅದು ಎಲ್ಲಿ ಸಿಗುತ್ತೆ?”

“ಎಲ್ಲೂ ಸಿಗೋದಿಲ್ಲ” ಎಂದ ಪಂಡಿತ.

“ಹಂಗಾದರೆ ಹಳೇದೇ ಆಗಲಿ” ಎಂದ ಮರ ಹತ್ತುವವನು.

ಮರುದಿನ ಬೆಳಗ್ಗೆ ಅವನು ಹಗ್ಗ ಹಾಕಿಕೊಂಡು ಮರ ಹತ್ತಿದ. ಪಂಡಿತ ಬಹಳ ಎಚ್ಚರದ ಮನುಷ್ಯ. ಕೇಳುವವರಿದ್ದಾರೆಂದು ಗೊತ್ತಾದರೆ ಯಾರಾದರೂ ಒಂದಿಷ್ಟು ಚಂದ ಮಾಡಿ ಹಾಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೆ ಕೆಳಗಿನಿಂದ ಕೂಗಿ ಹೇಳಿದ: “ದಿನಾ ಹೇಗೆ ಹಾಕ್ತೀರೋ ಹಾಗೇ ಹಾಕಿ. ನಾನಿದೀನಿ ಅಂತ ಒಂದಿಷ್ಟೂ ಬದಲಾಯಿಸಬೇಡಿ.”

ಮರದ ಬುಡದಲ್ಲಿ ಮೂರು ಮನೆಗಳಿದ್ದವು. ಹಿತ್ತಿಲಿಗೆ ಗರಿಯ ತಟ್ಟಿ ಕಟ್ಟಿದ್ದರು. ಆ ಹೊತ್ತಿಗೆ ಹೆಂಗಸರು ತಟ್ಟಿಯ ಮರೆಯಲ್ಲಿ ಸ್ನಾನ ಮಾಡುತ್ತಿದ್ದರು. ಪಂಡಿತ ಹೊರಗೆ ರಸ್ತೆಯಲ್ಲಿ ಪೆಟ್ಟಿಗೆ ಹಿಡಿದು ನಿಂತ. ಮೇಲಿನಿಂದ ಸಿಳ್ಳೆ ಬಂತು. ಒಂದರ ಮೇಲೊಂದು ಏರುವ ನಾಲ್ಕು ಗಿಡ್ಡ ಸ್ವರ. ಆಮೇಲೆ ಉದ್ದಕ್ಕೆ ಎಳೆದು ಇಳಿಯುವ ಐದನೆಯದು. ಹಿತ್ತಿಲಲ್ಲಿ ತಂಬಿಗೆಯ ಸದ್ದು ನಿಂತಿತು. ಅದೂ ಪೆಟ್ಟಿಗೆಯಲ್ಲಿ ದಾಖಲಾಯಿತು. ಮೂರು ದಿನ ಬೆಳಗ್ಗೆ ಹೀಗೆಯೇ ಹಿಡಿದುಕೊಂಡು ಪಂಡಿತ ದೋಣಿ ಹತ್ತಿದ.

ದೊಡ್ಡ ದ್ವೀಪದ ಕಾಡಿನಲ್ಲಿ ಮೂವತ್ತು ಗಂಡುಹಕ್ಕಿಗಳ ನೆಲೆ ಗುರುತು ಮಾಡಿದ. ಮೊದಲು ಅಲ್ಲಿಯದೇ ಹಕ್ಕಿಯ ಹಾಡು ನುಡಿಸಿದ. ಮೂವತ್ತೂ ಕೆಳಗಿಳಿದು ಪೆಟ್ಟಿಗೆಯ ಸುತ್ತ ರೆಕ್ಕೆ ಬಡಿದವು. ಕೆಲವು ಪೆಟ್ಟಿಗೆಯನ್ನೇ ಕುಕ್ಕಿದವು. ಒಂದು ದಿನ ಬಿಟ್ಟು, ಮರ ಹತ್ತುವವನ ಸಿಳ್ಳೆ ನುಡಿಸಿದ. ಮೊದಲ ನಾಲ್ಕು ಸ್ವರಕ್ಕೆ ಹಕ್ಕಿ ಕೊಂಬೆಯಿಂದ ಇಳಿದು, ಎದೆಯ ಗರಿ ಉಬ್ಬಿಸಿ, ಹತ್ತಿರ ಬಂತು. ಐದನೆಯ ಸ್ವರ ಬಂದ ಕೂಡಲೇ ನಿಂತಿತು. ತಲೆ ಓರೆ ಮಾಡಿ ಕೇಳಿತು. ತಿರುಗಿ ಹೋಯಿತು. ಎರಡನೆಯದೂ ಹಾಗೆಯೇ ಮಾಡಿತು. ಮೂವತ್ತೂ ಹಾಗೆಯೇ ಮಾಡಿದವು.

ಪೆಟ್ಟಿಗೆಯಿಂದ ಒಂದು ಮಾರಿನೊಳಗೆ ಬಂದರೆ, ಇಲ್ಲವೆ ತಿರುಗಿ ಹಾಡಿದರೆ ಓಗೊಟ್ಟಿತು ಎಂದು ಬರೆಯಬೇಕು. ಅದು ಅವರ ಕ್ರಮ. ಒಂದೂ ಮಾರಿನೊಳಗೆ ಬಂದಿರಲಿಲ್ಲ. ಒಂದೂ ಹಾಡಿರಲಿಲ್ಲ. ಪಂಡಿತ ಮೂವತ್ತು ಸಲವೂ ‘ಇಲ್ಲ’ ಎಂದು ಬರೆದ. ಕಣ್ಣಿಗೆ ಕಂಡದ್ದನ್ನು ಮುಚ್ಚಿಡಲಿಲ್ಲ. ‘ಸ್ವಲ್ಪ ಹತ್ತಿರ ಬಂದು ತಿರುಗಿ ಹೋಗುತ್ತವೆ’ ಎಂದು ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ. ಯಾಕೆ ಬಂದವು, ಯಾಕೆ ತಿರುಗಿದವು ಎಂದು ಒಂದು ಕ್ಷಣ ಅವನಿಗೂ ಅನಿಸಿತ್ತು. ಆದರೆ ಹೊಸ ಹಕ್ಕಿ ಸಿಕ್ಕಿತೆಂಬ ಸಂತೋಷವೂ ಇತ್ತು. ಅಷ್ಟು ಕಷ್ಟಪಟ್ಟವನಿಗೆ ಅಷ್ಟು ಸಂತೋಷ ಬೇಡವೇ? ಆ ಸಂತೋಷದಲ್ಲಿ ಆ ಪ್ರಶ್ನೆ ಸಣ್ಣ ಅಕ್ಷರದಲ್ಲೇ ಉಳಿಯಿತು.

ಬೇರೆ ಪಂಡಿತರು ಓದಿದರು, ಒಪ್ಪಿದರು. ಚಿಕ್ಕ ದ್ವೀಪದ ಹಕ್ಕಿ ಹೊಸ ಜಾತಿ ಎಂದಾಯಿತು. ಪಂಡಿತ ಅದಕ್ಕೆ ಮರ ಹತ್ತುವವನ ಹೆಸರನ್ನೇ ಇಟ್ಟ. ಹೆಸರಿನ ಮುಂದಿನ ಅಂಕಣದಲ್ಲಿ ‘ಈಗ ಇಲ್ಲ’ ಎಂದು ಬರೆದರು. ಹನ್ನೆರಡು ಜೋಡಿಯ ಮಾತು ಅಲ್ಲಿಗೆ ನಿಂತಿತು.

ಅದಾದ ಎರಡನೆಯ ವರ್ಷ ದೊಡ್ಡ ದ್ವೀಪಕ್ಕೆ ಬಂದ ಒಂದು ಹಡಗಿನ ನೀರಿನ ಪೀಪಾಯಿಗಳಲ್ಲಿ ಸೊಳ್ಳೆಮರಿಗಳಿದ್ದವು. ಆ ಸೊಳ್ಳೆ ಕಚ್ಚಿ ಹಕ್ಕಿಗಳಿಗೆ ಸಿಡುಬಿನಂಥ ರೋಗ ಬಂತು. ಕಣ್ಣ ಮೇಲೆ, ಕಾಲ ಮೇಲೆ ಗುಳ್ಳೆ. ಕಣ್ಣು ಮುಚ್ಚಿದ ಹಕ್ಕಿ ಹುಳ ಹಿಡಿಯುವುದು ಹೇಗೆ? ಕಾಡಿನ ನೆಲದ ಮೇಲೆ ಹಳದಿ ಎದೆಗಳು ಬಿದ್ದವು. ಚಿಕ್ಕ ದ್ವೀಪಕ್ಕೆ ಆ ಹಡಗು ಹೋಗುವುದಿಲ್ಲ. ಅಲ್ಲಿಗೆ ರೋಗವೂ ಹೋಗಲಿಲ್ಲ. ಅಲ್ಲಿ ಸಾಯಲು ಹಕ್ಕಿಯೂ ಇರಲಿಲ್ಲ.

ಪಂಡಿತ ಆಗ ದೂರದ ಬೇರೆ ದೇಶದಲ್ಲಿದ್ದ. ಇದೊಂದೂ ಅವನಿಗೆ ಗೊತ್ತಾಗಲಿಲ್ಲ. ನಾಲ್ಕನೆಯ ವರ್ಷ ಅವನು ಹಕ್ಕಿಯ ಚಿತ್ರವಿದ್ದ ಪುಸ್ತಕ ಹಿಡಿದು ನೇರ ಚಿಕ್ಕ ದ್ವೀಪಕ್ಕೆ ಬಂದ. ಅಂಚೆಯಲ್ಲಿ ಕಳಿಸಬಹುದಿತ್ತು, ಕೈಯಾರೆ ಕೊಡಬೇಕೆಂದು ಬಂದ. ಮರ ಹತ್ತುವವನು ಚಿತ್ರದ ಮೇಲೆ ಬೆರಳಾಡಿಸಿ ನೋಡಿದ. ತನ್ನ ಹೆಸರು ಎಲ್ಲಿದೆ ಎಂದು ಕೇಳಿ ಅದನ್ನೂ ನೋಡಿದ.

“ನನ್ನ ಹೆಸರು ತಗೊಂಡು ಏನು ಮಾಡಲಿ, ಸ್ವಾಮಿ? ಅದು ಗರಿ ಮೇಲೆ ಬಂದು ಕೂತ್ಕೊಳ್ಳುತ್ತಾ?” ಎಂದ. ಪುಸ್ತಕವನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಒಳಗಿಟ್ಟ.

ಮರುದಿನ ಬೆಳಗ್ಗೆ ಅವನು ಎಂದಿನಂತೆ ಮರ ಹತ್ತಿದ. ಪಂಡಿತ ಕೆಳಗೆ ನಿಂತಿದ್ದ. ನಾಲ್ಕು ಸ್ವರ ಬಂದವು. ಪಂಡಿತ ಐದನೆಯದಕ್ಕೆ ಕಾದ. ಬರಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ನಾಲ್ಕು ಸ್ವರ ಬಂದವು. ಮತ್ತೆ ಅಷ್ಟೇ. ಅವನು ಇಳಿದು ಬಂದ ಮೇಲೆ ಪಂಡಿತ ಕೇಳಿದ: “ಕೊನೇದು ಮರೆತುಹೋಯ್ತಾ?”

“ಯಾವುದು? ಉದ್ದಕ್ಕೆ ಎಳೀತಿದ್ನಲ್ಲ, ಅದಾ? ಅದು ಹಕ್ಕೀದಲ್ಲ, ನಮ್ಮದು. ಮರದ ಮೇಲೆ ಗಂಡಸು ಇದಾನೆ, ಮೈ ಮುಚ್ಕೊಳ್ಳಿ ಅಂತ ಕೆಳಗಿನ ಹೆಂಗಸರಿಗೆ ಹೇಳೋದು. ನಮ್ಮ ಮರ ಹತ್ತೋರೆಲ್ಲ ಹಕ್ಕೀದು ಹಾಕಿ, ಕೊನೆಗೆ ಅದನ್ನ ಸೇರಿಸ್ತಿದ್ದರು. ಅದು ಮರ್ಯಾದೆ. ಈಗ ಬಾವಿ ಉಪ್ಪಾಗಿ ಮೂರೂ ಮನೆಯವರು ದೊಡ್ಡ ದ್ವೀಪಕ್ಕೆ ಹೋದರು. ಹಿತ್ತಿಲಲ್ಲಿ ಯಾರಿದಾರೆ ಅಂತ ಎಳೀಲಿ?”

ಪಂಡಿತ ಕೇಳಿದ: “ಆವತ್ತು ಯಾಕೆ ಹೇಳಲಿಲ್ಲ?”

“ನೀವು ದಿನಾ ಹಾಕೋ ಹಾಗೇ ಹಾಕಿ ಅಂದಿರಿ. ದಿನಾ ಹಾಕೋದೇ ಹಂಗೆ. ಹೆಣ್ಣುಮಕ್ಕಳು ನೀರು ಹಾಕ್ಕೊಳ್ಳೋ ಹೊತ್ತಲ್ಲಿ ಅದಿಲ್ಲದೆ ಹಾಕೋಕಾಗುತ್ತಾ?” ಎಂದ ಮರ ಹತ್ತುವವನು. ಆಮೇಲೆ ಅವನಿಗೂ ಹೊಳೆಯಿತು. ಅವನ ದನಿ ಇಳಿಯಿತು. “ಇಲ್ಲಿಯ ಹಕ್ಕಿಗೆ ಅದು ರೂಢಿಯಾಗಿತ್ತು, ಸ್ವಾಮಿ. ಅಲ್ಲಿಯವಕ್ಕೆ ಹೆಂಗೆ ಗೊತ್ತಾಗಬೇಕು?”

ಪಂಡಿತ ಪೆಟ್ಟಿಗೆ ತೆಗೆದು ಹಳೆಯ ಸಿಳ್ಳೆಯನ್ನು ಮತ್ತೆ ನುಡಿಸಿದ. ನೂರಾರು ಸಲ ಕೇಳಿದ್ದ. ನಾಲ್ಕು ಸ್ವರ, ಆಮೇಲೆ ಐದನೆಯದು, ಆಮೇಲೆ ಹಿತ್ತಿಲಲ್ಲಿ ನಿಂತ ತಂಬಿಗೆಯ ಸದ್ದು. ಓಗೊಟ್ಟವರು ಯಾರೆಂದು ಅವನಿಗೆ ಈಗ ತಿಳಿಯಿತು.

ಆ ದಿನವೇ ಬರಿಯ ನಾಲ್ಕು ಸ್ವರ ಹಿಡಿದುಕೊಂಡು ದೋಣಿ ಹತ್ತಿದ. ದೊಡ್ಡ ದ್ವೀಪದಲ್ಲಿ ಇಳಿದಾಗಲೇ ರೋಗದ ಸುದ್ದಿ ಕಿವಿಗೆ ಬಿತ್ತು. ನಂಬದೆ ಕಾಡಿಗೆ ಹೋದ. ಮೊದಲನೆಯ ನೆಲೆಯಲ್ಲಿ ನುಡಿಸಿದ. ಏನೂ ಬರಲಿಲ್ಲ. ಹತ್ತನೆಯದರಲ್ಲಿ ನುಡಿಸಿದ. ಇಪ್ಪತ್ತನೆಯದರಲ್ಲಿ ನುಡಿಸಿದ. ಒಂದು ವಾರ ಅಲೆದು ಮೂವತ್ತನೆಯದಕ್ಕೆ ಬಂದು, ಪೆಟ್ಟಿಗೆ ನೆಲದ ಮೇಲಿಟ್ಟು, ದೂರ ಕೂತ.

ಅಲ್ಲಿ ಒಂದು ಹಕ್ಕಿ ಇಳಿಯಿತು. ಒಂದು ಕಣ್ಣು ಮುಚ್ಚಿತ್ತು. ಕುಂಟುತ್ತ ಬಂದು ಪೆಟ್ಟಿಗೆಯ ಮೇಲೆ ಹತ್ತಿ ಕೂತಿತು. ಗಂಡುಹಕ್ಕಿ ಜಗಳಕ್ಕೆ ಬರುತ್ತದೆ ಎಂದೆನಲ್ಲ, ಇದು ಜಗಳಕ್ಕೆ ಬಂದ ಹಾಗೆ ಕಾಣಲಿಲ್ಲ. ಗರಿ ಉಬ್ಬಿಸಲಿಲ್ಲ, ಕುಕ್ಕಲಿಲ್ಲ. ದನಿ ಬರುವ ತೂತಿನ ಹತ್ತಿರ ತಲೆ ತಂದು ಕೇಳಿತು. ಪೆಟ್ಟಿಗೆ ನಾಲ್ಕು ಸ್ವರ ನುಡಿಯಿತು. ಹಕ್ಕಿಯೂ ನಾಲ್ಕು ಸ್ವರ ಹಾಡಿತು. ಪೆಟ್ಟಿಗೆ ನುಡಿದಾಗಲೆಲ್ಲ ಅದು ಹಾಡಿತು. ಪಂಡಿತ ಪೆಟ್ಟಿಗೆ ನಿಲ್ಲಿಸಿದ. ಹಕ್ಕಿ ಹೋಗಲಿಲ್ಲ. ಬಿಸಿಲು ಇಳಿಯುವವರೆಗೆ ಅಲ್ಲೇ ಕೂತು, ತೂತ ನೋಡಿ ನಾಲ್ಕು ಸ್ವರ ಹಾಡುವುದು, ಕಾಯುವುದು. ಮತ್ತೆ ನುಡಿಸುವ ಧೈರ್ಯ ಪಂಡಿತನಿಗೆ ಬರಲಿಲ್ಲ. ಆ ದ್ವೀಪದಲ್ಲಿ ಇನ್ನೊಂದು ಹಕ್ಕಿ ಯಾರಿಗೂ ಸಿಗಲಿಲ್ಲ.

ಅವನು ಚಿಕ್ಕ ದ್ವೀಪಕ್ಕೆ ವಾಪಸು ಬಂದ. ಮರ ಹತ್ತುವವನು ದಡದಲ್ಲೇ ಕಾಯುತ್ತಿದ್ದ.

“ಬಂತಾ?”

“ಬಂತು. ಪೆಟ್ಟಿಗೆ ಮೇಲೇ ಕೂತಿತು. ಎರಡೂ ಒಂದೇ ಜಾತಿ.”

ಮರ ಹತ್ತುವವನ ಮುಖ ಅರಳಿತು. “ಎಷ್ಟು ಬಂದವು, ಸ್ವಾಮಿ?”

“ಒಂದು.”

ಮರ ಹತ್ತುವವನು ಮರಳಿನ ಮೇಲೆ ಕೂತು ಗಟ್ಟಿಯಾಗಿ ಅತ್ತ. ಗಂಡಸು ಹಾಗೆ ಅಳಬಾರದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ ಎಂದು ಕಾಣುತ್ತದೆ. ಕಲಿತಿದ್ದ ಪಂಡಿತನೂ ಅವನ ಪಕ್ಕ ಕೂತು ಅತ್ತ. ಆಮೇಲೆ ಊರಿಗೆ ಹೋಗಿ ತನ್ನ ಪುಸ್ತಕದಲ್ಲಿ ಆ ಹೊಸ ಹೆಸರನ್ನು ತಾನೇ ಹೊಡೆದುಹಾಕಿದ.

ಗುರುಗಳು ಕತೆ ನಿಲ್ಲಿಸಿ ಹುಣಿಸೆಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. ಶಿಷ್ಯನ ಕೈಯಲ್ಲಿ ಮೊದಲು ಎತ್ತಿಕೊಂಡ ಹಣ್ಣೇ ಹಾಗೇ ಇತ್ತು.

“ಎಂಥ ಕೆಲಸ ಆಯಿತು, ಬುದ್ಧಿ” ಎಂದ. “ಪಂಡಿತ ಅಷ್ಟು ಅಳೆದ, ಅಷ್ಟು ಬರೆದ. ಆ ಮೂವತ್ತು ಹತ್ತಿರದವರೆಗೆ ಬಂದು ತಿರುಗಿದಾಗಲೇ ಅವನು ಕೇಳಿಕೊಳ್ಳಬೇಕಿತ್ತು. ಈ ಕರೆಯಲ್ಲಿ ಹಕ್ಕಿಯದು ಎಷ್ಟು, ಮನುಷ್ಯ ಸೇರಿಸಿದ್ದು ಎಷ್ಟು ಅಂತ. ಅದೊಂದು ಮಾತು ಕೇಳಿದ್ದರೆ ಸಾಕಿತ್ತು.”

“ಹೌದು, ಸಾಕಿತ್ತು” ಎಂದರು ಗುರುಗಳು. ಚಾಪೆಯ ಅಡಿಯಿಂದ ಏನೂ ಬರೆಯದ ಒಂದು ಕಾರ್ಡು ತೆಗೆದು ಅವನ ಮುಂದಿಟ್ಟರು.

“ನಿಮ್ಮಕ್ಕನಿಗೆ ಬರೆದ ಮೂರು ಕಾರ್ಡಿನಲ್ಲೂ ಕೊನೆಗೆ ‘ಒಬ್ಬಳೇ ಬಾ’ ಎಂದಿತ್ತಲ್ಲ, ಅದು ನಿಮ್ಮಪ್ಪನ ಮಾತೋ, ನಿನ್ನದೋ?”